ಎಮ್ಮಿರಾಮಪ್ಪನ ಮಠ

ಮೊನ್ನೆ ಫ್ರಿಜ್ ಬಾಗಿಲಿನ ಗೂಡಿನಲ್ಲಿ ಹುಣಸೆ ಪೇಸ್ಟಿನ ಡಬ್ಬಿ ಹುಡುಕುತ್ತಿದ್ದಾಗ ಅದರ ಹಿಂದೆ ಕಣ್ಣಿಗೆ ಹಾಕುವ ಔಷಧದ ಪುಟ್ಟ ಬಾಟಲಿಯೊಂದು ಸಿಕ್ಕಿತು. ಅವಧಿ ಮುಗಿದು ವರ್ಷವಾಗಿತ್ತು. ಎಸೆಯಬೇಕಾದ ವಸ್ತು. ಆದರೆ ಲಂಡನ್ನಿನ ಅಂಚಿನ ಈ ಪಿನ್ನರ್‌ನಲ್ಲಿ ಎಸೆಯುವುದು ಅಷ್ಟು ಸುಲಭವಲ್ಲ, ಕೌನ್ಸಿಲ್‌ನವರು ಕೊಟ್ಟ ಡಬ್ಬಿಗಳಲ್ಲಿ ಯಾವ ಬಣ್ಣದ್ದಕ್ಕೆ ಎಂದು ಯೋಚಿಸಬೇಕು. ಯೋಚಿಸುತ್ತ ಬಾಗಿಲು ತೆರೆದುಕೊಂಡೇ ನಿಂತೆ. ಫ್ರಿಜ್ ಬೀಪ್ ಬೀಪ್ ಎಂದು ಬೈಯತೊಡಗಿತು. ನನಗೆ ಜರ್ಮನಿಯ ಒಂದು ಮಠ ನೆನಪಾಯಿತು.

ಕಣ್ಣಿನ ಔಷಧಕ್ಕೂ ಜರ್ಮನಿಯ ಮಠಕ್ಕೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ನಡುವೆ ನಮ್ಮ ಅತ್ತೆ ಇದ್ದಾರೆ.

ಅತ್ತೆಯ ಹೆಸರು ನೀಲಮ್ಮ. ವಿಜಯಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರ ವಾರ್ಡನ್ ಆಗಿದ್ದವರು. ತೊಂಬತ್ತು ಹುಡುಗಿಯರು, ಒಂದು ಗೇಟು, ಸೊಂಟದಲ್ಲಿ ಒಂದು ಬೀಗದ ಕೈ ಗೊಂಚಲು. ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಲಂಡನ್ನಿಗೆ ಬಂದರು. ಅವರಿಗೆ ವೀಸಾ ಹೇಗೆ ಸಿಕ್ಕಿತೆಂದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ. ಅರ್ಜಿಯ ತೂಕಕ್ಕೆ ಹೆದರಿ ಕೊಟ್ಟಿರಬೇಕು. ಇಲ್ಲಿ ಅವರಿಗೆ ಗೇಟು ಇರಲಿಲ್ಲ. ನನ್ನ ಗಂಡ ಬಸವರಾಜ, ಮಗಳು ಮೇಘಾ, ನಾನು, ಇಷ್ಟೇ ಜನ. ಮೂವರ ಹಾಜರಿ ತೆಗೆದುಕೊಳ್ಳುವುದು ಅವರ ಅನುಭವಕ್ಕೆ ತಕ್ಕ ಕೆಲಸವಾಗಿರಲಿಲ್ಲ.

ನಾನು ಮೈಸೂರಿನವಳು. ಮದುವೆಯಾದ ಹೊಸದರಲ್ಲಿ ಅವರಿಗೆಂದು ಮೊದಲ ಸಲ ಜೋಳದ ರೊಟ್ಟಿ ಮಾಡಿದೆ. ಅದು ನಾಲ್ಕು ತುಂಡಾಗಿ ತಟ್ಟೆಗೆ ಬಂತು. ಅತ್ತೆ ಒಂದೊಂದೇ ತುಂಡನ್ನು ಎತ್ತಿ ನೋಡಿದರು, ತಿಂದರು, ಕೈ ತೊಳೆದರು. ಏನೂ ಹೇಳಲಿಲ್ಲ. ತೊಂಬತ್ತು ಹುಡುಗಿಯರನ್ನು ಹಿಡಿತದಲ್ಲಿಟ್ಟ ಮೌನ ಅದು, ನಾನೊಬ್ಬಳು ಯಾವ ಲೆಕ್ಕ? ಪಿನ್ನರ್‌ನ ಮನೆಯಲ್ಲಿ ಅಡುಗೆಮನೆ ನನ್ನದೇ ಆಗಿ ಉಳಿಯಿತು. ಆರು ವರ್ಷ ನಮ್ಮ ಮಾತುಕತೆ ಹೀಗಿತ್ತು.

"ಉಂಡಿಯೇನು?"

"ಆಯ್ತು ಅತ್ತೆ."

"ಮಳಿ ಬರೋ ಹಂಗೈತಿ."

"ಹೌದು ಅತ್ತೆ."

ಲಂಡನ್ನಿನಲ್ಲಿ ಈ ಮಳೆಯ ಮಾತನ್ನು ಯಾವ ದಿನ ಆಡಿದರೂ ತಪ್ಪಾಗುವುದಿಲ್ಲ. ಹಾಗಾಗಿ ನಮ್ಮ ಸಂಬಂಧ ಪೂರ್ತಿಯಾಗಿ ಸತ್ಯದ ಮೇಲೆ ನಿಂತಿತ್ತು.

ಆಮೇಲೆ ಅವರ ಬಲಗಣ್ಣಿನ ಪೊರೆಯ ಆಪರೇಷನ್ ಆಯಿತು. ಆಸ್ಪತ್ರೆಯವರು ಎರಡು ಬಾಟಲಿ ಕೊಟ್ಟು ಕಳಿಸಿದರು. ದಿನಕ್ಕೆ ನಾಲ್ಕು ಸಲ. ಮೊದಲು ಬಿಳಿ ಮುಚ್ಚಳದ್ದು, ಐದು ನಿಮಿಷ ಬಿಟ್ಟು ಗುಲಾಬಿ ಮುಚ್ಚಳದ್ದು. ಎಡಗಣ್ಣಿನಲ್ಲೂ ಪೊರೆ, ಅದರ ಸರದಿ ಇನ್ನೂ ಬಂದಿರಲಿಲ್ಲ. ಓದುವಂತಿಲ್ಲ, ಬಗ್ಗುವಂತಿಲ್ಲ. ನಾನು ವಾರದಲ್ಲಿ ಎರಡು ದಿನ ಹೇಸ್‌ನ ಆಫೀಸಿಗೆ ಹೋಗುತ್ತೇನೆ, ಮಿಕ್ಕ ದಿನ ಮನೆಯಿಂದಲೇ ಕೆಲಸ. ಹೀಗಾಗಿ ಬಾಟಲಿ ನನ್ನ ಪಾಲಿಗೆ ಬಂತು. ಬಿಳಿ ಮುಚ್ಚಳಕ್ಕೂ ಗುಲಾಬಿ ಮುಚ್ಚಳಕ್ಕೂ ನಡುವಿನ ಐದು ನಿಮಿಷ ನಾವಿಬ್ಬರೂ ಎದುರುಬದುರು ಕೂತಿರಬೇಕು. ಊಟವಾಯಿತೇ, ಮಳೆ ಬರುತ್ತದೆಯೇ ಎಂಬ ಎರಡು ವಿಷಯಗಳು ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿದ್ದವು.

ಮೂರನೆಯ ದಿನ ನಾನು ಕೈಗೆ ಸಿಕ್ಕ ಪುಸ್ತಕ ತೆಗೆದುಕೊಂಡೆ. ನಮ್ಮ ಹೈಸ್ಟ್ರೀಟಿನ ಚಾರಿಟಿ ಅಂಗಡಿಯಲ್ಲಿ ದಾರ ಕಟ್ಟಿ ಇಟ್ಟಿದ್ದ ಅಡುಗೆ ಪುಸ್ತಕಗಳ ಕಟ್ಟು ತಂದಿದ್ದೆ. ಮೊದಲು ಸೂಪಿನ ಪುಸ್ತಕದಿಂದ ಎರಡು ಪುಟ ಓದಿದೆ.

"ಬ್ಯಾಡ ಬಿಡು. ಎಲ್ಲಾದಕ್ಕೂ ಬೆಣ್ಣಿ," ಎಂದರು ಅತ್ತೆ.

ಸೂಪಿಗೂ ಕೇಕಿಗೂ ನಡುವೆ ಒಂದು ತೆಳ್ಳಗಿನ ಪುಸ್ತಿಕೆ ಸಿಕ್ಕಿಕೊಂಡಿತ್ತು. ಯಾರೋ ರಜೆಗೆ ಹೋದಾಗ ಕೊಂಡು ತಂದದ್ದು. ಜರ್ಮನಿಯ ರೇಗನ್ಸ್‌ಬರ್ಗ್ ಎಂಬ ಊರಿನಲ್ಲಿರುವ ಸಂತ ಎಮ್ಮೆರಾಮನ ಮಠದ ಚರಿತ್ರೆ, ಪ್ರವಾಸಿಗರಿಗಾಗಿ ಇಂಗ್ಲಿಷಿನಲ್ಲಿ. ಅದನ್ನು ಕನ್ನಡ ಮಾಡಿ ಹೇಳತೊಡಗಿದೆ.

"ಯಾವ ಸಂತ?"

"ಎಮ್ಮೆರಾಮ್ ಅಂತೆ ಅತ್ತೆ."

"ಎಮ್ಮಿರಾಮ," ಎಂದರು ಅತ್ತೆ, ಪರಿಚಯದವರ ಹೆಸರು ಕೇಳಿದ ಹಾಗೆ. "ನಮ್ಮ ಕಡೆ ಎಮ್ಮಿ ಕಾಯೋ ರಾಮಪ್ಪ ಒಬ್ಬ ಇದ್ದ." ಅಂದಿನಿಂದ ಅವನು ನಮ್ಮ ಮನೆಯಲ್ಲಿ ಎಮ್ಮಿರಾಮಪ್ಪನಾದ. ನಾನು ತಿದ್ದಲಿಲ್ಲ. ಸಾವಿರದ ಮುನ್ನೂರು ವರ್ಷದ ಹಿಂದೆ ಸತ್ತವನು ಆಕ್ಷೇಪಿಸುವ ಹಾಗೂ ಇರಲಿಲ್ಲ.

ಅವನದು ದೊಡ್ಡ ಕಥೆ. ಊರೂರು ಸುತ್ತಿ ಉಪದೇಶ ಮಾಡುವ ಬಿಷಪ್ಪನಾಗಿ ಬಂದವನು. ಅಲ್ಲಿಯ ದೊರೆಯ ಮಗಳು ಮದುವೆಗೆ ಮುಂಚೆ ಬಸುರಾಗುತ್ತಾಳೆ. ಅಪ್ಪ, ಅಣ್ಣ ಕೊಲ್ಲುತ್ತಾರೆಂಬ ಭಯ. ತಪ್ಪು ತನ್ನದಲ್ಲದಿದ್ದರೂ ನನ್ನ ಹೆಸರು ಹೇಳಿಬಿಡು ಎನ್ನುತ್ತಾನೆ ಇವನು, ಆಮೇಲೆ ರೋಮಿಗೆ ಹೊರಡುತ್ತಾನೆ. ಅಣ್ಣ ಬೆನ್ನಟ್ಟಿ ಹಿಡಿದು, ಏಣಿಗೆ ಕಟ್ಟಿ, ಕೈಕಾಲು ಕಡಿದು ಕೊಲ್ಲುತ್ತಾನೆ. ಆ ಸಮಾಧಿಯ ಮೇಲೆ ಮಠ ಎದ್ದಿತು ಎಂದು ಐತಿಹ್ಯ.

ಗುಲಾಬಿ ಮುಚ್ಚಳದ ಹೊತ್ತಾಗಿತ್ತು. ಅತ್ತೆ ತಲೆ ಹಿಂದಕ್ಕೆ ಮಾಡಲೇ ಇಲ್ಲ.

"ಆ ಹುಡುಗಿ ಏನಾದ್ಲು?"

"ದೇಶ ಬಿಟ್ಟು ಕಳಿಸಿದರಂತೆ. ಒಂದೇ ಸಾಲು ಇದೆ ಅತ್ತೆ."

"ಒಂದ ಸಾಲೇನು?" ಎಂದರು ಅತ್ತೆ. ಆಮೇಲೆ, ಆರು ವರ್ಷದಲ್ಲಿ ಮೊದಲ ಸಲ, ತಾವಾಗಿ ಒಂದು ಕಥೆ ಹೇಳಿದರು. ಹಾಸ್ಟೆಲಿನ ಹುಡುಗಿಯೊಬ್ಬಳು ಒಂದು ಸಂಜೆ ಗೇಟು ಹಾಕಿದ ಮೇಲೆ ಬಂದಳಂತೆ. ಯಾರನ್ನೋ ನೋಡಲು ಹೋಗಿದ್ದಳು. ಆ ದಿನವೇ ಅವಳ ಅಪ್ಪ ಊರಿನಿಂದ ಬಂದು ವರಾಂಡದಲ್ಲಿ ಕೂತಿದ್ದಾನೆ, ಸೊಂಟದ ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು. "ನಾನ ಕಳಿಸಿದ್ದೆ ಅಂದೆ. ನನಗ ಗುಳಿಗಿ ತರಾಕ ಹೋಗಿದ್ಲು ಅಂದೆ. ಹೊತ್ತು ಮೀರಿ ಹುಡುಗಿ ಒಬ್ಬಾಕೀನ ಹೊರಗ ಕಳಿಸೀರಿ ಅಂತ ಅವ ಆಫೀಸಿಗೆ ಬರದು ಕೊಟ್ಟ. ನನಗ ಮೆಮೊ ಬಂತು."

"ಆ ಹುಡುಗಿ ಏನಾದಳು ಅತ್ತೆ?"

"ಬಾಗಲಕೋಟ್ಯಾಗ ನರ್ಸ್ ಅದಾಳ. ದೀಪಾವಳಿಗೆ ಫೋನ್ ಮಾಡತಾಳ." ಇಷ್ಟು ಹೇಳಿ ತಲೆ ಹಿಂದಕ್ಕೆ ಮಾಡಿದರು. ನಾನು ಅವರ ಮುಖವನ್ನೇ ನೋಡುತ್ತ ಬಾಟಲಿ ಒತ್ತಿದೆ, ಎರಡು ಹನಿ ಕೆನ್ನೆಯ ಮೇಲೆ ಬಿದ್ದವು.

ಆಮೇಲೆ ಐದು ನಿಮಿಷ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಆ ಸನ್ಯಾಸಿಗಳು ಊಟದ ಹೊತ್ತಿನಲ್ಲಿ ಮಾತಾಡುವುದಿಲ್ಲ, ಒಬ್ಬ ಗಟ್ಟಿಯಾಗಿ ಓದುತ್ತಾನೆ, ಮಿಕ್ಕವರು ಕೇಳುತ್ತ ಉಣ್ಣುತ್ತಾರೆ ಎಂದು ತಿಳಿದಾಗ ಅತ್ತೆಗೆ ಬೆನೆಡಿಕ್ಟೀನರೆಂಬ ಆ ಪಂಥದವರ ಮೇಲೆ ಗೌರವ ಹುಟ್ಟಿತು. ಮೊದಮೊದಲು ಊರಿನ ಬಿಷಪ್ಪನೇ ಮಠಕ್ಕೂ ಅಧಿಪತಿ. ಒಂದು ಕಾಲಕ್ಕೆ ಬಂದ ಬಿಷಪ್ ಇದು ಸರಿಯಲ್ಲವೆಂದು ತಾನೇ ಮಠವನ್ನು ಬಿಟ್ಟುಕೊಟ್ಟು ಅದಕ್ಕೆ ಬೇರೆ ಅಧಿಪತಿಯನ್ನು ಕೂರಿಸಿದ.

"ಯಾರೂ ಕೇಳಲಾರದ, ತಾನಾಗಿ ಬಿಟ್ಟನೇನು?"

"ಹಾಗೇ ಬರೆದಿದ್ದಾರೆ."

"ಅಂಥಾವ್ರೂ ಇರತಾರ," ಎಂದು ಅತ್ತೆ ಒಂದು ಕಣ್ಣಿನಿಂದ ನಮ್ಮ ಅಡುಗೆಮನೆಯ ಕಡೆ ನೋಡಿದರು. ಮರುದಿನ ನಾನು ಒಲೆಯ ಬಲಗಡೆಯ ಎರಡು ಶೆಲ್ಫು ಖಾಲಿ ಮಾಡಿದೆ. ಗ್ರೀನ್‌ಫರ್ಡ್‌ನ ಗುಜರಾತಿ ಅಂಗಡಿಯಿಂದ ಜೋಳದ ಹಿಟ್ಟಿನ ಚೀಲ ತಂದು ಅಲ್ಲಿಟ್ಟೆ.

ಮುಂದೆ ಮಠಕ್ಕೆ ಸ್ವಂತ ಆಡಳಿತ ಬಂತು. ಊರಿಗೂ ಬಿಷಪ್ಪನಿಗೂ ದೊರೆಗೂ ಅದು ಉತ್ತರ ಕೊಡಬೇಕಾಗಿಲ್ಲ. ಮೇಲೆ ನೇರ ಚಕ್ರವರ್ತಿ, ನಡುವೆ ಯಾರೂ ಇಲ್ಲ. ಅತ್ತೆಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. "ನಮ್ಮ ಹಾಸ್ಟೆಲೂ ಹಂಗ. ಪ್ರಿನ್ಸಿಪಾಲರು ಗೇಟಿನತನಕ ಬರಬೇಕು, ಅಷ್ಟ. ನಾವು ನೇರ ಜಿಲ್ಲಾ ಆಫೀಸಿಗೆ."

ರೇಗನ್ಸ್‌ಬರ್ಗ್ ಊರೂ ಸ್ವತಂತ್ರ, ಬಿಷಪ್ಪನೂ ಸ್ವತಂತ್ರ, ಎಮ್ಮಿರಾಮಪ್ಪನ ಮಠವೂ ಸ್ವತಂತ್ರ, ಹೆಂಗಸರ ಮಠಗಳು ಎರಡು, ಅವೂ ಸ್ವತಂತ್ರ. ಒಂದೇ ಗೋಡೆಯೊಳಗೆ ಐದು. ಅದರಲ್ಲೂ ಊರಿನವರು ನಡುವೆ ಪ್ರಾಟೆಸ್ಟೆಂಟರಾಗಿಬಿಟ್ಟರು, ಮಠದವರು ಕ್ಯಾಥೊಲಿಕ್ಕರಾಗಿಯೇ ಉಳಿದರು.

"ಒಂದ ಊರಾಗ ಐದು ಸರಕಾರ," ಎಂದು ಅತ್ತೆ ತುಂಬ ಹೊತ್ತು ಯೋಚಿಸಿದರು. "ಕಸ ಯಾರು ತಗೀತಿದ್ರು?"

ಪುಸ್ತಿಕೆಯಲ್ಲಿ ಇರಲಿಲ್ಲ. ಚರಿತ್ರೆ ಬರೆಯುವವರು ಹೀಗೆ ಮುಖ್ಯವಾದದ್ದನ್ನೇ ಬಿಟ್ಟುಬಿಡುತ್ತಾರೆ. ಪ್ಯಾರಿಸ್ಸಿನ ಒಬ್ಬ ದೊಡ್ಡ ಸಂತನ ಮೂಳೆ ನಮ್ಮಲ್ಲೇ ಇದೆ ಎಂದು ಈ ಮಠದವರು ಹೇಳಿಕೊಂಡದ್ದನ್ನೂ, ಇಲ್ಲ ನಮ್ಮಲ್ಲೇ ಇದೆ ಎಂದು ಪ್ಯಾರಿಸ್ಸಿನವರು ಹೇಳಿದ್ದನ್ನೂ ಮಾತ್ರ ವಿವರವಾಗಿ ಬರೆದಿದ್ದರು. ಟಿಫಿನ್ ಡಬ್ಬಿ ತೊಳೆಯಲು ಬಂದ ಮೇಘಾ ಇದನ್ನು ಕೇಳಿ, "ಸೋ ಹೂ ಹ್ಯಾಡ್ ದ ರಿಯಲ್ ಒನ್?" ಎಂದಳು.

"ಇಬ್ಬರ ಕಡೀನೂ ಭಕ್ತರು ಬರತಿದ್ರೇನು?" ಎಂದು ಅತ್ತೆ ಕೇಳಿದರು. ಬರುತ್ತಿದ್ದರು ಎಂದೆ. "ಹಂಗಾರ ಎರಡೂ ಖರೇನ." ಮೇಘಾ ಒಪ್ಪಿ ಮೇಲೆ ಹೋದಳು.

ಈ ನಡುವೆ ಮನೆಯಲ್ಲಿ ಇನ್ನೊಂದು ಸಂಗತಿ ಇತ್ತು. ಅತ್ತೆ ತಮ್ಮ ಸಂಬಳದಲ್ಲಿ ವಿಜಯಪುರದಲ್ಲಿ ಕಟ್ಟಿಸಿದ ಮೂರು ಕೋಣೆಯ ಮನೆಯೊಂದು ಬೀಗ ಹಾಕಿಕೊಂಡು ನಿಂತಿತ್ತು. ಅದನ್ನು ಮಾರುವುದೆಂದು ಬಸವರಾಜ ತೀರ್ಮಾನಿಸಿದ್ದ. ಗಿರಾಕಿಯೂ ಸಿಕ್ಕಿದ್ದ. ಅತ್ತೆ ಸಹಿ ಹಾಕಬೇಕಾದ ಕಾಗದ ನಮ್ಮ ಮೇಜಿನ ಖಾನೆಯಲ್ಲಿತ್ತು. ಅತ್ತೆಗೆ ಹೇಳಿರಲಿಲ್ಲ.

"ಕಣ್ಣು ಸರಿ ಆಗಲಿ ತಡಿ. ಅಕಿ ಓದಿ ಸಹಿ ಮಾಡಲಿ," ಎಂದು ಬಸವರಾಜ ನನಗೆ ಹೇಳಿದ. ಅವನ ಮಾತು ಪ್ರಾಮಾಣಿಕವಾಗಿಯೇ ಇತ್ತು. ನಾನೂ ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ, ಆಫೀಸಿನಲ್ಲಿ ಅದಕ್ಕೇ ಇಟ್ಟುಕೊಂಡಿದ್ದಾರೆ.

ಕಷ್ಟ ಶುರುವಾದದ್ದು ಹೇಸ್‌ಗೆ ಹೋಗುವ ಬಸ್ಸಿನಲ್ಲಿ. ಸಂಜೆಯ ಓದಿಗೆ ತಯಾರಾಗಲೆಂದು ಪುಸ್ತಿಕೆಯ ಮುಂದಿನ ಪುಟ ತಿರುವಿದೆ. ಮಠದ ಅಧಿಪತಿಗಳಿಗೆ ರಾಜಕುಮಾರರ ಪದವಿ ಬಂದಿತ್ತು. ಕೊನೆಕೊನೆಗೆ ವಿದ್ವಾಂಸರು ತುಂಬಿದ್ದರು. ಕಟ್ಟಕಡೆಯ ಅಧಿಪತಿ ಭೌತಶಾಸ್ತ್ರ ಬಲ್ಲವರು, ಹವಾಮಾನ ಅಳೆದು ಬರೆದಿಡುತ್ತಿದ್ದವರು. ಆಮೇಲೆ ಸಾವಿರದ ಎಂಟುನೂರ ಮೂರು ಬರುತ್ತದೆ. ಎಲ್ಲೋ ದೊಡ್ಡವರು ಸಭೆ ಸೇರಿ ಮಠಗಳನ್ನು ಬರಖಾಸ್ತು ಮಾಡುತ್ತಾರೆ. ಸ್ವಂತ ಆಡಳಿತ ಹೋಯಿತು. ಸನ್ಯಾಸಿಗಳಿಗೆ ಪಿಂಚಣಿ ಕೊಟ್ಟರು. ಪುಸ್ತಕ, ಬೆಲೆಬಾಳುವ ವಸ್ತು ಬೇರೆ ಊರಿಗೆ ಹೋದವು. ಕೆಲವು ವರ್ಷದಲ್ಲಿ ಕಟ್ಟಡವನ್ನು ಅಂಚೆ ವ್ಯವಸ್ಥೆ ನಡೆಸುತ್ತಿದ್ದ ಒಂದು ಸಿರಿವಂತ ಮನೆತನಕ್ಕೆ ಕೊಟ್ಟುಬಿಟ್ಟರು. ಅವರು ಅದನ್ನು ಅರಮನೆ ಮಾಡಿಕೊಂಡರು.

ಇದನ್ನು ಅತ್ತೆಗೆ ಓದಿ ಹೇಳುವುದು ನನ್ನಿಂದಾಗಲಿಲ್ಲ. ಮೇಜಿನ ಖಾನೆಯಲ್ಲಿ ಆ ಕಾಗದ ಇಟ್ಟುಕೊಂಡು ಹೇಗೆ ಓದುವುದು? ಹಾಗಾಗಿ ನಾನು ಸಾವಿರದ ಎಂಟುನೂರ ಮೂರನ್ನು ಮುಂದೂಡಿದೆ. ಮೊದಲು ಇದ್ದದ್ದನ್ನೇ ಎಳೆದೆ, ಚಾವಣಿಯ ಚಿತ್ರಗಳನ್ನು ಒಂದೊಂದಾಗಿ ವರ್ಣಿಸಿದೆ. ಅದೂ ಮುಗಿದಾಗ ಸ್ವಂತವಾಗಿ ಅಧಿಪತಿಗಳನ್ನು ಸೃಷ್ಟಿಸತೊಡಗಿದೆ. ಒಬ್ಬರು ಗಂಟೆ ಮಾಡಿಸಿದರು. ಒಬ್ಬರು ಡಾನ್ಯೂಬ್ ನದಿಯಲ್ಲಿ ಈಜಿದರು. ಒಬ್ಬರು ಮಠದ ಹಿತ್ತಲಲ್ಲಿ ಬದನೆ ಬೆಳೆದು ಚಕ್ರವರ್ತಿಗೆ ಬುಟ್ಟಿ ಕಳಿಸಿದರು. ಹೀಗೆ ಎರಡು ವಾರ ಆ ಮಠ ನನ್ನ ಆಶ್ರಯದಲ್ಲಿ ಸುಭಿಕ್ಷವಾಗಿತ್ತು.

ಬದನೆಯ ದಿನ ಅತ್ತೆ ಕೈ ಎತ್ತಿ ನಿಲ್ಲಿಸಿದರು.

"ಸುಮಾ, ಈ ಬದನಿಕಾಯಿ ಸ್ವಾಮಿ ಪುಸ್ತಕದಾಗ ಅದಾನೇನು?"

"ಇದಾನೆ ಅತ್ತೆ."

"ಸುಳ್ಳು ಹೇಳುವಾಗ ಹುಡುಗ್ಯಾರು ಮೂಗು ಉಜ್ಜಿಕೋತಾರ. ಮೂವತ್ತು ವರ್ಷ ನೋಡೀನಿ. ನೀ ನಾಕು ದಿನದಿಂದ ಉಜ್ಜಾಕತ್ತಿ."

ನಾನು ಮೂಗಿನಿಂದ ಕೈ ತೆಗೆದೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿದೆ. ಬರಖಾಸ್ತು, ಪಿಂಚಣಿ, ಅಂಚೆಯ ಮನೆತನ. ಒಂದೂವರೆ ಪುಟಕ್ಕೆ ಸಾವಿರ ವರ್ಷ ಮುಗಿಯಿತು.

ಅತ್ತೆ ಸೀರೆಯ ಸೆರಗಿನಿಂದ ಕೆನ್ನೆ ಒರೆಸಿಕೊಂಡರು. ಅದು ಔಷಧವೇ ಇರಬೇಕು.

"ಅವರನ್ನ ಕೇಳಿದ್ರೇನು?"

"ಇಲ್ಲ ಅನ್ನಿಸುತ್ತೆ ಅತ್ತೆ."

"ಮತ್ತ ನನ್ನ ಕೇಳತೀರೇನು?"

ಅವರಿಗೆ ಗೊತ್ತಾಗಿತ್ತು. ವಿಜಯಪುರದ ಪಕ್ಕದ ಮನೆಯವರು ಮೂರು ವಾರದ ಹಿಂದೆಯೇ ಅವರಿಗೆ ಫೋನ್ ಮಾಡಿದ್ದರಂತೆ. ಯಾರೋ ಇಬ್ಬರು ಬಂದು ಟೇಪು ಹಿಡಿದು ಅಂಗಳ ಅಳೆದುಕೊಂಡು ಹೋದರು, ಮಾರಾಕತ್ತೀರೇನು ಎಂದು. ಅಂದಿನಿಂದ ದಿನಕ್ಕೆ ನಾಲ್ಕು ಸಲ ನನ್ನ ಮುಂದೆ ತಲೆ ಹಿಂದಕ್ಕೆ ಮಾಡಿ ಕೂತು, ಇಂದು ಹೇಳಬಹುದು, ನಾಳೆ ಹೇಳಬಹುದು ಎಂದು ಅವರು ಕಾದಿದ್ದರು. ನಾನು ಅವರಿಗೆ ಬದನೆಕಾಯಿ ಹೇಳಿದ್ದೆ.

"ತಪ್ಪಾಯ್ತು ಅತ್ತೆ," ಎಂದೆ.

ಭಾನುವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅತ್ತೆ ಮಗನಿಗೆ, "ಆ ಕಾಗದ ತಗೊಂಡು ಬಾ," ಎಂದರು. ಬಸವರಾಜ ನನ್ನ ಮುಖ ನೋಡಿದ. ನಾನು ಉಪ್ಪಿಟ್ಟು ನೋಡಿದೆ. ಅವನು ಹೋಗಿ ತಂದು ಅವ್ವನ ಮುಂದಿಟ್ಟ.

"ಬಸೂ, ನನಗ ಓದಾಕ ಬರಲಾರದಾಗ ಸಹಿ ತಗೋಬೇಕಂತ ಮಾಡಿದ್ದಿಯೇನು?"

"ಇಲ್ಲವ್ವಾ, ನಿನ್ನ ಆಣಿ. ಕಣ್ಣು ಸರಿ ಆದಮ್ಯಾಲೇ ತೋರಸಬೇಕಂತ ಇಟ್ಟಿದ್ದೆ. ಸುಮಾನ್ನ ಕೇಳು."

"ಕಣ್ಣಿಲ್ಲಂದ್ರ ಕಿವಿ ಇರಲಿಲ್ಲೇನು ನನಗ?"

ಐವತ್ತರ ಗಂಡಸು ನನ್ನ ಗಂಡ, ಕೈಕೆಳಗೆ ಎಷ್ಟೋ ಜನ ಕೆಲಸ ಮಾಡುತ್ತಾರೆ. ಅಂಥವನು ಕಣ್ಣು ಒರೆಸಿಕೊಳ್ಳಲು ಪೇಪರ್ ನ್ಯಾಪ್ಕಿನ್ ಹುಡುಕತೊಡಗಿದ. ನಾನು ಅಲ್ಲಿಯವರೆಗೆ ಆ ಮನೆಯ ವಿಷಯದಲ್ಲಿ ಬಾಯಿ ಹಾಕಿದವಳಲ್ಲ. ಆಗ ಹಾಕಿದೆ. "ಬಸು, ಮನೆ ಅತ್ತೆಯದು. ಮಾರೋದೋ ಇಟ್ಟುಕೊಳ್ಳೋದೋ ಅವರೇ ಹೇಳಲಿ. ನಾವಿಬ್ಬರೂ ನಡುವೆ ಬರೋದು ಬೇಡ," ಎಂದೆ. ಅತ್ತೆ ನನ್ನ ಕಡೆ ತಿರುಗಲಿಲ್ಲ. ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಪೂರ್ತಿ ತಿಂದು, ಕಾಗದವನ್ನು ಮಡಚಿ ತಮ್ಮ ಕೋಣೆಗೆ ತೆಗೆದುಕೊಂಡು ಹೋದರು. ಬಾಗಿಲು ಹಾಕಿಕೊಂಡರು.

ಬುಧವಾರ ತೀರ್ಮಾನ ಹೊರಬಿತ್ತು. ಮಾರುವುದಿಲ್ಲ. ಬಾಗಲಕೋಟೆಯ ನರ್ಸ್ ಹುಡುಗಿಯ ಜೊತೆ ಮಾತಾಡಿದ್ದರಂತೆ. ವಿಜಯಪುರದಲ್ಲಿ ನರ್ಸಿಂಗ್ ಓದಲು ಹಳ್ಳಿಗಳಿಂದ ಬಂದ ಹುಡುಗಿಯರಿಗೆ ಇರಲು ಜಾಗವಿಲ್ಲ. ನಾಲ್ಕು ಜನ ಆ ಮನೆಯಲ್ಲಿ ಇರಲಿ. ಅಡುಗೆ ಅವರವರೇ ಮಾಡಿಕೊಳ್ಳಲಿ. ಸಂಜೆ ಏಳೂವರೆಗೆ ಎಲ್ಲರೂ ಒಳಗಿರಬೇಕು. ವಾರ್ಡನ್ ಪಿನ್ನರ್‌ನಲ್ಲಿರುತ್ತಾರೆ.

"ಅವ್ವಾ, ಇಲ್ಲಿಂದ ಹ್ಯಾಂಗ ನೋಡಕೋತಿ?" ಎಂದ ಬಸವರಾಜ.

"ವಿಡಿಯೊ ಐತಲ್ಲ," ಎಂದರು ಅತ್ತೆ.

ವಿಜಯಪುರದ ಏಳೂವರೆ ಎಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನದ ಮೂರು ಗಂಟೆ. ಮೂರಕ್ಕೆ ಅತ್ತೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂರುತ್ತಾರೆ. ನಾಲ್ಕು ಮುಖ ಬರುತ್ತವೆ. ನಾಲ್ಕು ಸಲ "ಹಾಜರ್ ರೀ ಮೇಡಂ" ಕೇಳುತ್ತದೆ. ಅಂಗಳ ತೋರಿಸು, ಒಲೆ ತೋರಿಸು, ಹಿಂಬಾಗಿಲ ಚಿಲಕ ತೋರಿಸು. ಮೇಘಾ ತನ್ನ ಗೆಳತಿಯರಿಗೆ, "ಮೈ ಗ್ರ್ಯಾನ್ ರನ್ಸ್ ಎ ಹಾಸ್ಟೆಲ್ ಇನ್ ಇಂಡಿಯಾ ಫ್ರಮ್ ಅವರ್ ಕಿಚನ್," ಎನ್ನುತ್ತಾಳೆ. ಗೆಳತಿಯರು ನಂಬುವುದಿಲ್ಲ, ನೋಡಲು ಬರುತ್ತಾರೆ. ಆ ಹೊತ್ತಿನಲ್ಲಿ ಬಂದವರೂ ಸುಮ್ಮನೆ ನಿಲ್ಲಬೇಕು.

ಕಳೆದ ತಿಂಗಳು ಒಂದು ದಿನ ಮೂರು ಮುಖಗಳೇ ಬಂದವು. ಲಕ್ಷ್ಮೀ ಎಂಬ ಹುಡುಗಿ ಇಲ್ಲ. ತಾಳಿಕೋಟೆ ಕಡೆಯ ತನ್ನ ಊರಿನಿಂದ ವಾಪಸು ಬರಬೇಕಿತ್ತು, ಬಸ್ಸು ಸಿಕ್ಕಿತೋ ಇಲ್ಲವೋ, ಫೋನ್ ಹತ್ತುತ್ತಿಲ್ಲ. ಅತ್ತೆ ಕರೆ ಕತ್ತರಿಸಲಿಲ್ಲ. ಆ ಕಡೆ ಮೂವರು, ಈ ಕಡೆ ಇವರು, ಕಾಯುತ್ತ ಕೂತರು. ಮೂರೂಕಾಲಿಗೆ ನನ್ನ ಮೀಟಿಂಗು, ಹೇಸ್‌ನವರು ಹನ್ನೆರಡು ಜನ. ನಾನು ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಂದು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಮೈಕ್ ಆಫ್ ಮಾಡಿದೆ.

"ನೀ ಹೋಗವಾ, ನಿನ್ನ ಕೆಲಸ ಐತಿ."

"ಇಲ್ಲೇ ಇರ್ತೀನಿ ಅತ್ತೆ."

ಅವರು ಮೇಜಿನ ಮೇಲಿದ್ದ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು, ರಸ್ತೆ ದಾಟುವಾಗ ಹಿಡಿಯುವ ಹಾಗೆ. ಮೂರೂವರೆ ಆಯಿತು. ನಾಲ್ಕು ಗಂಟೆಯಾಯಿತು. ನನ್ನ ಮೀಟಿಂಗಿನಲ್ಲಿ ಒಬ್ಬರು ಒಂದು ಚಾರ್ಟು ತೋರಿಸಿದರು, ಅದರ ಗೆರೆ ಮೇಲೆ ಹೋಯಿತು, ಕೆಳಗೆ ಬಂತು. ನಾಲ್ಕೂ ಹತ್ತಕ್ಕೆ ವಿಜಯಪುರದ ಗೇಟು ಕಿರ್ ಎಂದಿತು. ಸಕ್ಕರೆ ಡಬ್ಬಿಗೆ ಒರಗಿದ್ದ ಫೋನಿನಲ್ಲಿ ನಾಲ್ಕನೆಯ ಮುಖ ಬಂತು, ಬೆವರಿದ್ದ, ಹೆದರಿದ್ದ ಮುಖ.

"ಬಸ್ ಕೆಟ್ಟಿತ್ರೀ ಮೇಡಂ. ಮೊಬೈಲ್ ಚಾರ್ಜ್ ಇರಲಿಲ್ರೀ."

ಅತ್ತೆ ಎರಡು ನಿಮಿಷ ಬೈದರು. ಆ ಬೈಗುಳ ಕೇಳಿ ನನಗೇ ಬೆನ್ನು ನೆಟ್ಟಗಾಯಿತು. ಆಮೇಲೆ ಧ್ವನಿ ಇಳಿಸಿ, "ಏನರ ತಿಂದಿಯೇನು? ಮೊದಲ ಕೈಕಾಲು ತೊಳಕೊ. ಮೂರೂ ಮಂದಿ ಅಕಿಗೆ ಬಡಸ್ರಿ," ಎಂದು ಕರೆ ಮುಗಿಸಿದರು. ನನ್ನ ಕೈ ಬಿಟ್ಟರು. ಬೆರಳಿನ ಗುರುತು ಕೆಂಪಗೆ ಉಳಿದಿತ್ತು.

"ನಿನ್ನ ಮೀಟಿಂಗ್?"

"ಮುಗೀತು ಅತ್ತೆ."

"ಮಧ್ಯಾಹ್ನ ಉಂಡಿಲ್ಲ ನೀನು. ಬಾ, ಬಿಸಿ ರೊಟ್ಟಿ ಬಡೀತೀನಿ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅದರೊಳಗೆ ಹನ್ನೆರಡು ಜನ ಇನ್ನೂ ಮಾತಾಡುತ್ತಿದ್ದರು.